ಬಲ್ಬು ಉಳಿಸಿದ ವರ್ಷ

ಕಳೆದ ತಿಂಗಳು ಬಸವೇಶ್ವರನಗರದ ಒಂದು ಕಲ್ಯಾಣ ಮಂಟಪದಲ್ಲಿ ಸಹೋದ್ಯೋಗಿಯ ಮಗಳ ಮದುವೆ ಇತ್ತು. ಊಟ ಮುಗಿಸಿ ಕೈ ತೊಳೆಯಲು ಹೋದಾಗ ನಲ್ಲಿಗಳ ಪಕ್ಕದ ಮೆಟ್ಟಿಲು ಕಣ್ಣಿಗೆ ಬಿತ್ತು. ಅದೇ ಮೊಸಾಯಿಕ್ ಮೆಟ್ಟಿಲು, ಅದೇ ಹಸಿರು ಕಂಬಿ. ಎರಡು ಸಾವಿರದ ದಶಕದ ಆರಂಭದಲ್ಲಿ ಇದರ ಮೇಲಿನ ಮಹಡಿಯಲ್ಲಿ ಒಂದು ಬಿ.ಎಡ್. ಕಾಲೇಜು ನಡೆಯುತ್ತಿತ್ತು. ಅಲ್ಲಿ ನಾನೊಂದು ವರ್ಷ ಓದಿದ್ದೆ. ಕಾಲೇಜು ಮುಚ್ಚಿ ಬಹಳ ಕಾಲವಾಗಿದೆ. ಮೇಲೆ ಹೋಗಬಹುದೇ ಎಂದು ಮ್ಯಾನೇಜರನ್ನು ಕೇಳಿದೆ.

"ಅಲ್ಲೇನೂ ಇಲ್ಲ ಸಾರ್, ಗೋಡೌನು. ನೋಡ್ಕೊಂಡ್ ಬನ್ನಿ" ಎಂದ.

ನಮ್ಮ ತರಗತಿಯ ಕೋಣೆಯಲ್ಲಿ ಈಗ ಪ್ಲಾಸ್ಟಿಕ್ ಕುರ್ಚಿಗಳ ಗೋಪುರಗಳಿದ್ದವು. ಥರ್ಮೋಕೋಲಿನ ಕಂಬಗಳು, ಎರಡು ಆನೆ ಮುಖ, ಮಗುಚಿಟ್ಟ ಕೊಪ್ಪರಿಗೆಗಳು. ಮೂಲೆಯ ಮೇಜಿನ ಮೇಲೆ ಮೆರೂನ್ ವೆಲ್ವೆಟ್ಟಿನ ಗವಸು ಹಾಕಿದ ಒಂದು ಪೆಟ್ಟಿಗೆ. ಗವಸನ್ನು ಹೊಲಿದವರು ಯಾರೆಂದು ನನಗೆ ಗೊತ್ತಿತ್ತು. ಅದನ್ನು ಗಾಜಿನ ಮಟ್ಟಕ್ಕೆ ಮೇಲೆತ್ತಿ, ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿದೆ. ಒಳಗಿನ ಫ್ಯಾನು ಗೊರಗೊರ ಎಂದು ತಿರುಗಿತು. ಬೆಳಕು ಬರಲಿಲ್ಲ. ಕಾದ ಧೂಳು ಮತ್ತು ಹಳೆಯ ಪ್ಲಾಸ್ಟಿಕ್ಕಿನ ವಾಸನೆಯೊಂದು ಗಾಜಿನ ಸಂದಿನಿಂದ ಎದ್ದು ಮೂಗಿಗೆ ಬಡಿಯಿತು. ಆ ವರ್ಷದ ಸಿಟ್ಟೆಲ್ಲ ಆ ವಾಸನೆಯಲ್ಲಿ ಹಾಗೇ ಉಳಿದಿತ್ತು.

ಇಂದಿನ ಓದುಗರಿಗೆ ಆ ಯಂತ್ರದ ಬಗ್ಗೆ ಒಂದು ಮಾತು ಹೇಳಬೇಕು. ಅದರ ಹೆಸರು ಓವರ್‌ಹೆಡ್ ಪ್ರೊಜೆಕ್ಟರ್. ಒಂದು ಪೆಟ್ಟಿಗೆ, ಒಳಗೆ ಬಲ್ಬು, ಮೇಲೆ ಗಾಜು, ಗಾಜಿನ ಮೇಲ್ಗಡೆ ಒಂದು ಕಂಬಿಯ ತುದಿಗೆ ಕನ್ನಡಿ. ಪಾರದರ್ಶಕ ಹಾಳೆಯ ಮೇಲೆ ಬರೆದು ಗಾಜಿನ ಮೇಲಿಟ್ಟರೆ ಬರೆದದ್ದು ಹಿಂದಿನ ಗೋಡೆಯ ಮೇಲೆ ದೊಡ್ಡದಾಗಿ ಮೂಡುತ್ತದೆ. ಅಷ್ಟೇ. ಶೈಕ್ಷಣಿಕ ತಂತ್ರಜ್ಞಾನ ಎಂಬ ವಿಷಯಕ್ಕೆ ನಮ್ಮ ಕಾಲೇಜಿನಲ್ಲಿದ್ದ ಜೀವಂತ ಸಾಕ್ಷಿ ಅದೊಂದೇ. ಕಂಪ್ಯೂಟರುಗಳೂ ಇದ್ದವು. ಆದರೆ ಆ ಕೋಣೆಯ ಬೀಗ ತೆಗೆದದ್ದನ್ನು ನಾವು ತಪಾಸಣೆಯ ದಿನ ಮಾತ್ರ ಕಂಡೆವು. ಕಂಪ್ಯೂಟರನ್ನು ನಾವು ಸ್ಕೇಲು, ಪೆನ್ಸಿಲ್ ಹಿಡಿದು ಪುಸ್ತಕದಲ್ಲಿ ಬರೆದು ಕಲಿತೆವು.

ಪ್ರೊಜೆಕ್ಟರಿನ ಉಸ್ತುವಾರಿ ಮರಿಸಿದ್ದಪ್ಪ ಮೇಷ್ಟ್ರದು. ಚಿತ್ರದುರ್ಗದ ಕಡೆಯವರು, ಹೈಸ್ಕೂಲು ಮುಖ್ಯೋಪಾಧ್ಯಾಯರಾಗಿ ನಿವೃತ್ತರಾಗಿ ಈ ಖಾಸಗಿ ಕಾಲೇಜಿಗೆ ಬಂದಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೆಟ್ಟವರಲ್ಲ. ಯಾರಿಗಾದರೂ ಜ್ವರ ಬಂದರೆ ಮನೆಯಿಂದ ಕಷಾಯ ತರುತ್ತಿದ್ದರು. ಆದರೆ ನಮ್ಮ ಹಿಂದಿನ ತಂಡದವರು ಒಂದು ಬಲ್ಬು ಸುಟ್ಟುಹಾಕಿದ್ದರು. ಬದಲಿಗೆ ಹೊಸದನ್ನು ತರಿಸಿಕೊಡುವಾಗ ಆಡಳಿತ ಮಂಡಳಿಯವರು ಇನ್ನೊಮ್ಮೆ ಕೇಳಬೇಡಿ ಎಂದು ಎಲ್ಲರೆದುರು ಹೇಳಿದ್ದರಂತೆ. ಅಂದಿನಿಂದ ಮೇಷ್ಟ್ರ ಪಾಲಿಗೆ ಆ ಯಂತ್ರ ಪಾಠ ಮಾಡುವ ವಸ್ತುವಾಗಿ ಉಳಿಯಲಿಲ್ಲ, ಕಾಪಾಡುವ ವಸ್ತುವಾಯಿತು. ಯಂತ್ರದ ಜೊತೆಗೆ ಬಂದ ಕೈಪಿಡಿ ಹಳೆಯ ಪ್ರಾಂಶುಪಾಲರ ಜೊತೆಗೇ ಹೊರಟುಹೋಗಿತ್ತು.

ಸಮಾಜ ವಿಜ್ಞಾನದ ಗುಂಪಿನಲ್ಲಿ ಹಾಜರಿ ಕೂಗಿದರೆ ಕೊನೆಗೆ ಬರುತ್ತಿದ್ದವರು ನಾವು ಮೂವರು: ಶಿವಲೀಲಾ, ಸದಾನಂದನಾದ ನಾನು, ಹರೀಶ. ಹಾಜರಿಯ ಕ್ರಮದಲ್ಲೇ ಕೂರಿಸುತ್ತಿದ್ದರಿಂದ ಒಂದೇ ಬೆಂಚು. "ನಾವು ವರ್ಣಮಾಲೆ ಬಾಲ ಕಣ್ರೋ" ಎನ್ನುತ್ತಿದ್ದ ಹರೀಶ. ಅವನು ವಿಜಯನಗರದ ಹುಡುಗ, ಬಸ್ ಸ್ಟ್ಯಾಂಡಿನ ಹಿಂದೆ ಮನೆ, ಯಾವುದನ್ನೂ ತಲೆಗೆ ಹಚ್ಚಿಕೊಳ್ಳುವವನಲ್ಲ. ನಾನು ಎಂ.ಎ. ಮುಗಿಸಿ ಕೆಲಸ ಸಿಗದೆ ಉಲ್ಲಾಳದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದವನು. ಜ್ಞಾನಭಾರತಿ ಕ್ಯಾಂಪಸ್ಸಿನ ಮರಗಳ ನಡುವೆ ಬಸ್ಸು ಹಾಯುವಾಗ ಅಲ್ಲೇ ಇಳಿದುಬಿಡೋಣ ಎಂದು ದಿನವೂ ಅನ್ನಿಸುತ್ತಿತ್ತು.

ಶಿವಲೀಲಾ ನಮ್ಮಿಬ್ಬರಿಗಿಂತ ದೊಡ್ಡವರು. ಜಮಖಂಡಿಯ ಕಡೆಯವರು. ಮದುವೆಯಾಗಿ ಲಗ್ಗೆರೆಗೆ ಬಂದು ವರ್ಷಗಳಾಗಿದ್ದವು. ಗಂಡನಿಗೆ ಪೀಣ್ಯದಲ್ಲಿ ಲೇತ್ ಮಿಷಿನ್ನಿನ ಕೆಲಸ. ಅವರು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅಂಗಿಯ ಕಾಲರ್ ಹೊಲಿಯುತ್ತ, ಅಂಚೆ ಮೂಲಕ ಪದವಿ ಮುಗಿಸಿದ್ದರು. ಮೊದಲ ವಾರವೇ, ಬುತ್ತಿಯ ರೊಟ್ಟಿ ಮುರಿಯುತ್ತ, ತಮ್ಮ ಲೆಕ್ಕವನ್ನು ನಮ್ಮ ಮುಂದಿಟ್ಟಿದ್ದರು.

"ಒಂದ ವರ್ಷ ಅಂತ ಕೇಳ್ಕೊಂಡು ಬಂದೀನ್ರಿ. ಜೂನ್‌ದಾಗ ಸಾಲಿ ಸುರು ಆಗೂದ್ರಾಗ ಟೀಚರ್ ಆದ್ರ ಆದೆ. ಇಲ್ಲಂದ್ರ ಮತ್ತ ಕಾಲರ್."

"ಕಾಲರ್ ಹಿಡಿಯೋದು ಟೀಚರ್ ಕೆಲ್ಸಾನೇ ಅಲ್ವೇನಕ್ಕಾ?" ಎಂದ ಹರೀಶ.

"ನಿನ್ನ ಕಾಲರ್ ಮೊದ್ಲ ಒಕ್ಕೊಂಡ ಬಾ" ಎಂದರು.

ಅವರ ಹೊಲಿಗೆಯ ವಿಷಯ ತಿಳಿದ ಮರಿಸಿದ್ದಪ್ಪ ಮೇಷ್ಟ್ರು ಪ್ರೊಜೆಕ್ಟರಿಗೆ ಒಂದು ಗವಸು ಬೇಕೆಂದರು. ಕೆಳಗೆ ಮಂಟಪದಲ್ಲಿ ಸಿಂಹಾಸನಕ್ಕೆ ಹೊದಿಸಿ ಉಳಿದ ವೆಲ್ವೆಟ್ ಬಟ್ಟೆ ಸಿಕ್ಕಿತು. ಶಿವಲೀಲಾ ಅಳತೆ ತೆಗೆದುಕೊಂಡು ಹೋಗಿ, ಪೆಟ್ಟಿಗೆಯ ನಾಲ್ಕೂ ಬದಿಗೆ ಚರ್ಮದಂತೆ ಕೂರುವ ಗವಸು ಹೊಲಿದು ತಂದರು. ಅದು ಎಷ್ಟು ಬಿಗಿಯಾಗಿತ್ತೆಂದರೆ ಪೂರ್ತಿ ತೆಗೆಯುವುದೇ ಕಷ್ಟ. ಮೇಷ್ಟ್ರಿಗೆ ಬಹಳ ಇಷ್ಟವಾಯಿತು. ಗಾಜಿನ ಮಟ್ಟದವರೆಗೆ ಮಡಚಿ ಮೇಲೆತ್ತಿದರೆ ಸಾಕು, ಬದಿಗಳಿಗೆ ಧೂಳು ಕೂರಬಾರದು, ಪೂರ್ತಿ ತೆಗೆಯಕೂಡದು ಎಂದು ಅಪ್ಪಣೆಯಾಯಿತು.

ವಾರ್ಷಿಕ ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರತಿಯೊಬ್ಬರೂ ಶಾಲೆಯ ಮಕ್ಕಳೆದುರು, ಹೊರಗಿನಿಂದ ಬಂದ ಪರೀಕ್ಷಕರೆದುರು ಒಂದು ಪಾಠ ಮಾಡಬೇಕು. ಅದರಲ್ಲಿ ತಂತ್ರಜ್ಞಾನದ ಬಳಕೆ ಕಡ್ಡಾಯ, ಅದಕ್ಕೆ ಪ್ರತ್ಯೇಕ ಅಂಕ. ಅದಕ್ಕಾಗಿ ಡಿಸೆಂಬರಿನಿಂದ ತಾಲೀಮು ಶುರುವಾಯಿತು. ತಾಲೀಮಿನ ಕ್ರಮ ಹೀಗಿತ್ತು: ಒಬ್ಬರು ಶಿಕ್ಷಕರಾಗಿ ಎದುರು ನಿಲ್ಲಬೇಕು, ಉಳಿದವರು ಎಂಟನೆಯ ತರಗತಿಯ ಮಕ್ಕಳಾಗಿ ಬೆಂಚಿನಲ್ಲಿ ಕೂರಬೇಕು. ಶಿಕ್ಷಕರು ಹಾಳೆಯನ್ನು ಗಾಜಿನ ಮೇಲಿಟ್ಟು, ಸ್ವಿಚ್ ಒತ್ತಿದಂತೆ ಬೆರಳು ಮುಟ್ಟಿಸಿ, "ಮಕ್ಕಳೇ, ಈಗ ಗೋಡೆಯ ಕಡೆ ನೋಡಿ" ಎನ್ನಬೇಕು. ಸ್ವಿಚ್ ಒತ್ತುವ ಹಾಗಿಲ್ಲ.

ನಾವು ಗೋಡೆ ನೋಡುತ್ತಿದ್ದೆವು. ಗೋಡೆಯ ಮೇಲೆ ಸುಣ್ಣ ಮತ್ತು ಒಂದು ಹಲ್ಲಿ.

"ಏನು ಕಾಣುತ್ತಿದೆ?" ಎಂದು ಶಿವಲೀಲಾ ಪುಸ್ತಕದ ಭಾಷೆಯಲ್ಲಿ ಕೇಳುತ್ತಿದ್ದರು.

"ಕೃಷ್ಣಾ ನದಿ ಕಾಣ್ತಿದೆ ಮಿಸ್" ಎನ್ನುತ್ತಿದ್ದೆ ನಾನು.

"ಅದರ ಪಕ್ಕದಲ್ಲಿ?"

"ಮೊಸಳೆ ಮಿಸ್" ಎನ್ನುತ್ತಿದ್ದ ಹರೀಶ, ಹಲ್ಲಿಯನ್ನು ತೋರಿಸಿ.

ಮೇಷ್ಟ್ರು ಹಿಂದಿನಿಂದ ತಿದ್ದುತ್ತಿದ್ದರು. ಅವರ ಮುಖ್ಯ ತಿದ್ದುಪಡಿ ಒಂದೇ. ಹಾಳೆಯಲ್ಲಿನ ಬರಹ ಮಕ್ಕಳ ಕಡೆಗೆ ಮುಖ ಮಾಡಿರಬೇಕು. ಮೊದಲ ದಿನ ನಾನು ನನ್ನ ಕಡೆಗೆ ಇಟ್ಟುಕೊಂಡಾಗ ಎದ್ದು ಬಂದು ತಮ್ಮ ಕೈಯಾರೆ ತಿರುಗಿಸಿಟ್ಟರು. "ಚಾರ್ಟ್ ತೋರಿಸ್ವಾಗ ಯಾವತ್ತಾದ್ರೂ ನಿಮ್ ಕಡೆ ತಿರುಗಿಸ್ಕೊಂಡು ಹಿಡೀತೀರೇನಪ್ಪಾ? ಪಾಠ ಯಾರಿಗೆ? ಮಕ್ಕಳಿಗೆ. ಅಕ್ಷರದ ಮುಖ ಮಕ್ಕಳ ಕಡೆ." ಮೂವತ್ತು ವರ್ಷ ಚಾರ್ಟು, ಭೂಪಟ, ಗ್ಲೋಬು ಹಿಡಿದವರ ಮಾತು. ತರ್ಕಕ್ಕೆ ಸರಿಯಾಗಿಯೇ ಇತ್ತು. ನಾವು ಒಪ್ಪಿದೆವು. ಚಳಿಗಾಲ ಕಳೆಯುವಷ್ಟರಲ್ಲಿ ಅದು ನಮ್ಮ ಕೈಗೆ ರೂಢಿಯಾಯಿತು.

ಆದರೂ ಒಮ್ಮೆ ಬೆಳಕು ನೋಡಬೇಕೆಂಬ ಆಸೆ ಇತ್ತು. ನಾನು ಮೇಷ್ಟ್ರನ್ನು ಕೇಳಿದೆ.

"ಪರೀಕ್ಷೆ ದಿನ ಹತ್ತುತ್ತಲ್ಲಪ್ಪಾ."

"ಅದಕ್ಕೂ ಮುಂಚೆ ಒಂದ್ಸಲ, ಸಾರ್. ಅಕ್ಷರ ಎಷ್ಟು ದಪ್ಪ ಬರೀಬೇಕು ಅಂತಾದ್ರೂ ಗೊತ್ತಾಗುತ್ತೆ."

"ದಪ್ಪಕ್ಕೇ ಬರೀರಿ. ದಪ್ಪ ಬರೆದ್ರೆ ಯಾರೂ ಬೇಡ ಅನ್ನಲ್ಲ."

ಪ್ರಾಂಶುಪಾಲರನ್ನು ಕೇಳಿದೆ. ಅವರು ಮೇಷ್ಟ್ರನ್ನು ಕೇಳಿ ಎಂದರು. ಮತ್ತೆ ಮೇಷ್ಟ್ರ ಬಳಿ ಹೋದಾಗ, ಪ್ರಾಂಶುಪಾಲರು ಬರೆದುಕೊಟ್ಟರೆ ನನ್ನದೇನೂ ಅಭ್ಯಂತರವಿಲ್ಲ ಎಂದರು. ಹೀಗೆ ಜನವರಿ ಕಳೆಯಿತು. ಆ ದಿನಗಳಲ್ಲಿ ನನಗಿದ್ದದ್ದು ದೊಡ್ಡ ಸಿಟ್ಟೇನಲ್ಲ. ಚಪ್ಪಲಿಯೊಳಗೆ ಸಿಕ್ಕಿದ ಸಣ್ಣ ಕಲ್ಲಿನಂಥದ್ದು. ತೆಗೆಯಲು ನಿಲ್ಲುವಷ್ಟು ಪುರುಸೊತ್ತಿಲ್ಲ, ನಡೆದಷ್ಟೂ ಚುಚ್ಚುತ್ತದೆ.

ಅದೇ ಸಮಯಕ್ಕೆ ಅಭ್ಯಾಸ ಪಾಠಗಳಿಗೆಂದು ನಮ್ಮ ಗುಂಪನ್ನು ಲಗ್ಗೆರೆಯ ಒಂದು ಖಾಸಗಿ ಹೈಸ್ಕೂಲಿಗೆ ಹಾಕಿದರು. ಶಿವಲೀಲಾರ ಮನೆಯಿಂದ ಎರಡು ರಸ್ತೆ ಆಚೆ. ತಗಡಿನ ಛಾವಣಿಯ ಕೋಣೆಗಳು, ಪೀಣ್ಯದ ಕಾರ್ಮಿಕರ ಮಕ್ಕಳು. ಅರ್ಧದಷ್ಟು ಮಕ್ಕಳ ಮನೆಮಾತಿನಲ್ಲಿ ರಾಯಚೂರು, ಕಲಬುರಗಿ ಇನ್ನೂ ಉಳಿದಿತ್ತು. ಶಿವಲೀಲಾರ ಪಾಠವನ್ನು ಅಲ್ಲಿ ನಾನು ಮೊದಲ ಬಾರಿ ನಿಜವಾದ ಮಕ್ಕಳೆದುರು ಕಂಡೆ. ಅವರು ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ತಪ್ಪು ಉತ್ತರ ಹೇಳಿದವನ ಬಳಿಗೆ ಹೋಗಿ, ಆ ತಪ್ಪು ಉತ್ತರವನ್ನೇ ಹಿಡಿದು ಸರಿಯಾದದ್ದಕ್ಕೆ ಕರೆದುಕೊಂಡು ಬರುತ್ತಿದ್ದರು. ಹರೀಶ ಕೂಡ ತಮಾಷೆ ನಿಲ್ಲಿಸಿ ನೋಡುತ್ತಿದ್ದ. "ಅಕ್ಕ ಬೇರೆ ಲೆವೆಲ್ಲು ಮಗಾ" ಎಂದ ಒಂದು ದಿನ, ಟೀ ಅಂಗಡಿಯಲ್ಲಿ.

ಶಾಲೆಯ ಮುಖ್ಯ ಶಿಕ್ಷಕಿ ಲಲಿತಮ್ಮ ಖಂಡತುಂಡ ಮಾತಿನ ಹೆಂಗಸು. ಜೂನಿನಿಂದ ಸಮಾಜ ವಿಜ್ಞಾನಕ್ಕೆ ಒಂದು ಹುದ್ದೆ ಖಾಲಿಯಾಗುತ್ತದೆ ಎಂದು ಅವರೇ ಹೇಳಿದರು. ನಿಮ್ಮ ಪರೀಕ್ಷೆಯ ಪಾಠ ಇಲ್ಲೇ ನಡೆಯುವುದರಿಂದ ನಾನೂ ಕೂತು ನೋಡುತ್ತೇನೆ, ನಿಮ್ಮಲ್ಲೇ ಒಬ್ಬರನ್ನು ತೆಗೆದುಕೊಳ್ಳುತ್ತೇನೆ ಎಂದರು. ಪಕ್ಕದ ರಸ್ತೆಯಲ್ಲಿ ಹೊಸ ಇಂಗ್ಲಿಷ್ ಶಾಲೆ ಬಂದು ಮಕ್ಕಳು ಕಡಿಮೆಯಾಗುತ್ತಿದ್ದರು. "ಆ ಸ್ಕೂಲಲ್ಲಿ ಟಿ.ವಿ. ಇಟ್ಟು ಪಾಠ ಮಾಡ್ತಾರಂತೆ, ನಿಮ್ಮಲ್ಲೇನಿದೆ ಅಂತ ಕೇಳ್ತಾರೆ ಪೇರೆಂಟ್ಸು. ನಾನೇನ್ ತೋರಿಸ್ಲಿ? ಸೀಮೆಸುಣ್ಣ ತೋರಿಸ್ಲಾ?"

ಆ ಸಂಜೆ ಶಿವಲೀಲಾ ಬಸ್ ಸ್ಟಾಪಿನವರೆಗೆ ನಮ್ಮ ಜೊತೆ ಬಂದರು. "ಇದ ನೋಡ್ರಿ ನನ್ನ ಸಾಲಿ" ಎಂದರು. ಮನೆಯಿಂದ ನಡೆದು ಬರಬಹುದು, ಸಣ್ಣ ಮಗಳನ್ನೂ ಇಲ್ಲಿಗೇ ಸೇರಿಸಬಹುದು. ಪರೀಕ್ಷೆಗೆ ಕರ್ನಾಟಕದ ನದಿಗಳನ್ನು ಆರಿಸಿಕೊಂಡರು. ಮೂರು ಹಾಳೆಗಳ ಯೋಜನೆ: ಕೆಳಗೆ ರಾಜ್ಯದ ಗಡಿ, ಅದರ ಮೇಲೆ ಮಡಚಿಕೊಳ್ಳುವಂತೆ ನದಿಗಳ ಹಾಳೆ, ಅದರ ಮೇಲೆ ಅಣೆಕಟ್ಟುಗಳು. ಮೂರನ್ನೂ ಒಂದು ಬದಿಗೆ ಟೇಪಿನಿಂದ ಪುಸ್ತಕದ ಹಾಗೆ ಜೋಡಿಸಿದರು. ಬಟ್ಟೆಯ ಮೇಲೆ ಗೆರೆ ಎಳೆದು ಪಳಗಿದ ಕೈ. ಕೃಷ್ಣೆಯ ತಿರುವುಗಳು, ಘಟಪ್ರಭಾ, ಮಲಪ್ರಭಾ ಬಂದು ಕೂಡುವ ಜಾಗ, ಎಲ್ಲ ಅಚ್ಚು ಹಾಕಿದಂತಿದ್ದವು. ಅದರ ಎದುರು ಕೈಗಾರಿಕೆಗಳ ಪಾಠಕ್ಕೆ ನಾನು ಬರೆದ ಹಾಳೆ ಅಂಗಡಿಯ ಬೋರ್ಡಿನಂತಿತ್ತು.

ಆ ಹಾಳೆಗಳನ್ನು ನೋಡಿದ ಮೇಲೆ ಮೇಷ್ಟ್ರ ಮನಸ್ಸು ಕರಗಿತು. ಫೆಬ್ರವರಿಯ ಒಂದು ದಿನ, ಒಂದೇ ಒಂದು ಸಲ ಹಚ್ಚಿ ನೋಡೋಣ ಎಂದರು. ಕಿಟಕಿಗಳಿಗೆ ಪತ್ರಿಕೆ ಅಂಟಿಸಿದೆವು. ಗವಸು ಮೇಲೆತ್ತಿದೆವು. ಮೇಷ್ಟ್ರು ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಸ್ವಿಚ್ಚಿಗೆ ಕೈ ಹಾಕಿದರು. ಏನೂ ಆಗಲಿಲ್ಲ. ಕರೆಂಟ್ ಹೋಗಿತ್ತು. ಆ ವರ್ಷ ಬೇಸಿಗೆಗೆ ಮುಂಚೆಯೇ ಕರೆಂಟ್ ಕಡಿತ ಶುರುವಾಗಿತ್ತು.

ಕೆಳಗೆ ಮಂಟಪದಲ್ಲಿ ಮದುವೆ. ಜನರೇಟರ್ ಗುಡುಗುತ್ತಿತ್ತು, ಸೀರಿಯಲ್ ಸೆಟ್ಟುಗಳು ಹಗಲಿನಲ್ಲೇ ಉರಿಯುತ್ತಿದ್ದವು. ಹರೀಶ ಒಂದು ವೈರು ಎಳೆಸಿಕೊಂಡು ಬರುತ್ತೇನೆಂದು ಕೆಳಗಿಳಿದ. ಹತ್ತು ನಿಮಿಷದ ಕೆಲಸಕ್ಕೆ ಹೋದವನು ಬಹಳ ಹೊತ್ತಿನ ಮೇಲೆ ಬಾಯಿ ಒರೆಸಿಕೊಳ್ಳುತ್ತ ಬಂದ.

"ಹೆಣ್ಣಿನ ಕಡೆಯವ್ರನ್ನ ಕೇಳಿದೆ, ಗಂಡಿನ ಕಡೆಯವ್ರನ್ನ ಕೇಳಿ ಅಂದ್ರು. ಗಂಡಿನ ಕಡೆಯವ್ರು ಮೊದ್ಲು ಊಟ ಮಾಡಿ ಅಂದ್ರು, ಸಾರ್."

"ವೈರು?" ಎಂದರು ಮೇಷ್ಟ್ರು.

"ಹೋಳಿಗೆ ಚೆನ್ನಾಗಿದೆ, ಸಾರ್. ಎಲ್ರೂ ಬರ್ಬೇಕಂತೆ."

ಮೇಷ್ಟ್ರು ಗವಸು ಇಳಿಸಿದರು. ಅವರ ಮುಖದಲ್ಲಿ ನನಗೆ ಕಂಡದ್ದು ಬೇಸರವಲ್ಲ, ನಿರಾಳ. ಆಮೇಲೆ ಇನ್ನೊಂದು ದಿನ ಸಿಗಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಯಂತ್ರ ಆಟೋದಲ್ಲಿ ಲಗ್ಗೆರೆಗೆ ಹೋಯಿತು. ಮೇಷ್ಟ್ರು ಅದನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಪ್ರತಿ ಉಬ್ಬಿಗೂ "ನಿಧಾನ ಕಣಪ್ಪಾ, ಒಳಗೆ ಜೀವ ಐತೆ" ಎನ್ನುತ್ತಿದ್ದರಂತೆ. ಕಂಬಳಿಯೊಳಗೆ ಎಳೆಮಗುವಿದೆ ಎಂದುಕೊಂಡು ಆಟೋದವನು ಗಂಟೆಗೆ ಹತ್ತು ಮೈಲಿಯಲ್ಲಿ ಓಡಿಸಿದ ಎಂದು ಹರೀಶ ಕಥೆ ಕಟ್ಟಿದ. ಅದೃಷ್ಟಕ್ಕೆ ಕರೆಂಟ್ ಇತ್ತು. ಕೋಣೆಯ ಕಿಟಕಿಗಳಿಗೆ ಕಪ್ಪು ಬಟ್ಟೆ. ಹಿಂದಿನ ಸಾಲಿನಲ್ಲಿ ಪರೀಕ್ಷಕರು, ಅವರ ಪಕ್ಕದಲ್ಲಿ ಲಲಿತಮ್ಮ, ಗೋಡೆಗೆ ಒರಗಿ ಮರಿಸಿದ್ದಪ್ಪ ಮೇಷ್ಟ್ರು. ಸರದಿ ಹಾಜರಿಯ ಕ್ರಮದಲ್ಲೇ. ಮೊದಲು ಶಿವಲೀಲಾ.

ಅವರ ಆರಂಭ ಚೆನ್ನಾಗಿತ್ತು. "ನಿಮ್ಮ ಊರಿನಲ್ಲಿ ಯಾವ ನದಿ ಹರಿಯುತ್ತದೆ?" ಎಂದು ಕೇಳಿದರು.

"ನಮ್ಮೂರು ಲಗ್ಗೆರೆ, ಮಿಸ್. ಮೋರಿ ಹರಿಯುತ್ತೆ" ಎಂದ ಒಬ್ಬ. ತರಗತಿ ನಕ್ಕಿತು.

"ಒಳ್ಳೆಯ ಉತ್ತರ. ಆ ಮೋರಿ ಎಲ್ಲಿಗೆ ಹೋಗುತ್ತದೆ, ಈಗ ಹುಡುಕೋಣ" ಎಂದರು. ಪರೀಕ್ಷಕರು ತಲೆಯೆತ್ತಿ ನೋಡಿದರು. "ಮಕ್ಕಳೇ, ಈಗ ಗೋಡೆಯ ಕಡೆ ನೋಡಿ."

ಹಾಳೆಯನ್ನು ಕಲಿತಂತೆಯೇ, ಅಕ್ಷರದ ಮುಖ ಮಕ್ಕಳ ಕಡೆಗೆ ಮಾಡಿ ಇಟ್ಟರು. ಸ್ವಿಚ್ ಒತ್ತಿದರು. ಆ ವರ್ಷ ನಾವು ಬೆಳಕು ಕಂಡದ್ದು ಅದೇ ಮೊದಲು. ಗೋಡೆಯ ತುಂಬ ಕರ್ನಾಟಕ ಮೂಡಿತು, ತಲೆಕೆಳಗಾಗಿ. ಬೀದರ್ ನೆಲದ ಬಳಿ, ಚಾಮರಾಜನಗರ ಸೂರಿನ ಬಳಿ, ಊರಿನ ಹೆಸರುಗಳೆಲ್ಲ ಬಾವಲಿಗಳಂತೆ ನೇತಾಡುತ್ತಿದ್ದವು.

"ಮಿಸ್, ಮ್ಯಾಪು ಶೀರ್ಷಾಸನ ಹಾಕಿದೆ" ಎಂದಳು ಮುಂದಿನ ಬೆಂಚಿನ ಹುಡುಗಿ.

ಶಿವಲೀಲಾ ಗೋಡೆ ನೋಡಿದರು, ಹಾಳೆ ನೋಡಿದರು. ಹಾಳೆ ಸರಿಯಾಗಿಯೇ ಇತ್ತು, ಮೂರು ತಿಂಗಳಿನಿಂದ ಇಟ್ಟ ಹಾಗೆಯೇ. ಅವರು ಮೂರು ಹಾಳೆಗಳನ್ನೂ ಒಟ್ಟಿಗೆ ಹಿಡಿದು, ರೊಟ್ಟಿ ಮಗುಚಿದಂತೆ ಮೇಲಿನಿಂದ ಕೆಳಕ್ಕೆ ಮಗುಚಿದರು. ಈಗ ಬೀದರ್ ಮೇಲೆ ಹೋಯಿತು. ಆದರೆ ಅರಬ್ಬೀ ಸಮುದ್ರ ಬಲಕ್ಕೇ ಉಳಿಯಿತು, ಅಕ್ಷರಗಳು ಕನ್ನಡಿಯೊಳಗಿನವಾದವು.

"ಮಂಗಳೂರು ಆಂಧ್ರಕ್ಕೆ ಹೋಯ್ತು" ಎಂದ ಇನ್ನೊಬ್ಬ. ಈ ಬಾರಿ ನಗು ನಿಲ್ಲಲಿಲ್ಲ.

ಗೋಡೆಗೆ ಒರಗಿದ್ದ ಮೇಷ್ಟ್ರು ಕೈಸನ್ನೆ ಮಾಡಲು ಶುರು ಮಾಡಿದರು. ಎರಡೂ ಅಂಗೈಗಳನ್ನು ತಮ್ಮೆದೆಯ ಕಡೆಗೆ ತಿರುಗಿಸಿ, ಮಕ್ಕಳ ಕಡೆ, ಮಕ್ಕಳ ಕಡೆ ಎಂದು ತುಟಿಯಲ್ಲೇ ಹೇಳುತ್ತಿದ್ದರು. ಶಿವಲೀಲಾ ಅವರ ಮಾತಿನಂತೆ ಹಾಳೆಯನ್ನು ಮತ್ತೆ ಮೊದಲಿನ ಹಾಗೆಯೇ ಇಟ್ಟರು. ಕರ್ನಾಟಕ ಮತ್ತೆ ತಲೆಕೆಳಗಾಯಿತು. ಗಾಜು ಬಿಸಿಯಾಗಿ ಟೇಪು ಬಿಡತೊಡಗಿತ್ತು. ನದಿಗಳ ಹಾಳೆ ಗಡಿಯಿಂದ ಜಾರಿ, ಕೃಷ್ಣೆ ರಾಜ್ಯದ ಹೊರಗೆ ಹರಿಯಿತು.

"ಮುಂದುವರಿಸಿ" ಎಂದರು ಪರೀಕ್ಷಕರು. ಅದೊಂದೇ ಮಾತು.

ಶಿವಲೀಲಾ ಸ್ವಿಚ್ ಆರಿಸಿದರು. ಕಿಟಕಿಯ ಕಪ್ಪು ಬಟ್ಟೆಯೊಂದನ್ನು ತಾವೇ ಸರಿಸಿದರು. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ರಾಜ್ಯದ ಗಡಿಯನ್ನು ಕೈ ಎತ್ತದೆ ಎಳೆದರು. ಲಗ್ಗೆರೆಗೊಂದು ಚುಕ್ಕಿ ಇಟ್ಟು, ಮೋರಿಯನ್ನು ವೃಷಭಾವತಿಗೆ ಸೇರಿಸಿದರು, ವೃಷಭಾವತಿಯನ್ನು ಅರ್ಕಾವತಿಗೆ, ಅರ್ಕಾವತಿಯನ್ನು ಕಾವೇರಿಗೆ. ಆಮೇಲೆ ಉತ್ತರಕ್ಕೆ ಹೋಗಿ, ಯಾರ ಅಜ್ಜಿಯ ಊರು ಯಾವ ಹೊಳೆಯ ದಂಡೆ ಎಂದು ಮಕ್ಕಳಿಂದಲೇ ಕೇಳಿ ಹಲಗೆ ತುಂಬಿಸಿದರು. ಕೊನೆಗೆ ಪುಸ್ತಕದ ಭಾಷೆ ಅವರ ಬಾಯಿಂದ ಜಾರಿ "ಎಲ್ಲೈತಿ ತೋರ್ಸು ಬಾ" ಎನ್ನುತ್ತಿದ್ದರು. ಮಕ್ಕಳು ಎದ್ದು ಬಂದು ತೋರಿಸುತ್ತಿದ್ದರು. ನನ್ನ ಇಡೀ ಕಲಿಕೆಯ ಕಾಲದಲ್ಲಿ ಅಷ್ಟು ಒಳ್ಳೆಯ ಪಾಠ ನಾನು ನೋಡಿಲ್ಲ.

ನಂತರ ನನ್ನ ಸರದಿ. ಶಿವಲೀಲಾರ ಹಾಳೆ ಹೇಗಿತ್ತೋ ನನ್ನದನ್ನು ಅದರ ವಿರುದ್ಧ ದಿಕ್ಕಿಗೆ, ಅಂದರೆ ನನ್ನ ಕಡೆಗೆ ಮುಖ ಮಾಡಿ ಇಟ್ಟೆ. ಕೈಗಾರಿಕೆಗಳು ಗೋಡೆಯ ಮೇಲೆ ನೆಟ್ಟಗೆ ನಿಂತವು. ನಾನು ಅವನ್ನು ಮೇಲಿನಿಂದ ಕೆಳಗೆ ಓದಿದೆ. ಮಕ್ಕಳು ಆಕಳಿಸಿದರು. ಮೇಷ್ಟ್ರ ಕಣ್ಣು ಹಾಳೆಯ ಮೇಲೆಯೇ ಇತ್ತು. ಮೂವತ್ತು ವರ್ಷಗಳ ಚಾರ್ಟು ಅವರೊಳಗೆ ಏನೆಂದಿತೋ ಗೊತ್ತಿಲ್ಲ. ಹರೀಶನ ಸರದಿ ಬಂದಾಗ ಸ್ವಿಚ್ ಒತ್ತಿದೊಡನೆ ಟಿಕ್ ಎಂದು ಸದ್ದಾಗಿ ಕತ್ತಲಾಯಿತು. ಫ್ಯಾನು ಮಾತ್ರ ತಿರುಗುತ್ತಿತ್ತು.

"ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ" ಎಂದ ಹರೀಶ, ಟಿ.ವಿ.ಯ ದನಿಯಲ್ಲಿ. ಪರೀಕ್ಷಕರು ಕೂಡ ನಕ್ಕರು.

ಹೊರಗೆ ಜಗಲಿಯಲ್ಲಿ ಮೇಷ್ಟ್ರು ನನ್ನ ತೋಳು ಹಿಡಿದರು. ಕಣ್ಣಲ್ಲಿ ನೀರಿತ್ತು. "ನೋಡಿದ್ರಾ? ಒಂದಿನ ಹಚ್ಚಿದ್ದಕ್ಕೆ ಹೋಯ್ತು. ನಾ ಹೇಳ್ತಿರ್ಲಿಲ್ವಾ?" ಆ ಪರೀಕ್ಷೆಯಿಂದ ಅವರು ಹೊರತೆಗೆದ ಪಾಠ ಅದು.

ಪರೀಕ್ಷಕರು ಹೋಗುವ ಮುನ್ನ ಶಿವಲೀಲಾರನ್ನು ಕರೆದರು. ಕೆಟ್ಟ ಮನುಷ್ಯರೇನಲ್ಲ. "ಪಾಠ ಬಹಳ ಚೆನ್ನಾಗಿತ್ತಮ್ಮ. ಆದ್ರೆ ತಂತ್ರಜ್ಞಾನದ ಕಾಲಂನಲ್ಲಿ ನಾನೇನು ಹಾಕ್ಲಿ ಹೇಳಿ? ನೀವೇ ಆರಿಸಿಬಿಟ್ರಲ್ಲ." ಆ ಕಾಲಂನಲ್ಲಿ ಹರೀಶನಿಗೆ ಸಾಧಾರಣ ಅಂಕ ಬಂತು. ಬಲ್ಬು ಹೋದದ್ದು ಅವನ ತಪ್ಪಲ್ಲ. ನನಗೆ ಪೂರ್ತಿ ಬಂತು. ಶಿವಲೀಲಾರಿಗೆ ಬಂದದ್ದು ಸೊನ್ನೆಗಿಂತ ಸ್ವಲ್ಪ ಮೇಲೆ.

ಲಲಿತಮ್ಮ ಹುದ್ದೆಯನ್ನು ನನಗೆ ಕೊಡುತ್ತೇನೆಂದರು. ಶಿವಲೀಲಾ ನನಗಿಂತ ಒಳ್ಳೆಯ ಶಿಕ್ಷಕಿ ಎಂದು ಅವರಿಗೆ ಹೇಳಿದೆ.

"ಗೊತ್ತು ಕಣಪ್ಪಾ, ನಾನೂ ನೋಡಿದ್ನಲ್ಲ. ಬೋರ್ಡಲ್ಲಿ ಬರೆಯೋರು ನನ್ ಹತ್ರ ಆಗ್ಲೇ ಇದಾರೆ. ನನಗೆ ಮಿಷಿನ್ ಗೊತ್ತಿರೋರು ಬೇಕು."

"ನನಗೂ ಗೊತ್ತಿಲ್ಲ, ಮೇಡಂ. ಅವರು ಮೊದಲು ಇಟ್ಟದ್ದನ್ನ ನೋಡಿ ನಾನು ತಿರುಗಿಸಿಟ್ಟೆ, ಅಷ್ಟೇ. ನನ್ನ ಹೆಸರು ಮೊದಲು ಬಂದಿದ್ರೆ ನನ್ನದೂ ತಲೆಕೆಳಗಾಗ್ತಿತ್ತು."

"ನೋಡಿ ಕಲ್ತೆ ತಾನೆ? ಅದೇ ಸಾಕು."

ನಾನು ಬೇಡವೆಂದೆ. ಅದರಿಂದ ಏನಾದರೂ ಆಗುತ್ತದೆಂದು ನಂಬಿದ್ದೆ. ಶಿವಲೀಲಾರಿಗೆ ಹೇಳಿದಾಗ ಅವರು ನನ್ನನ್ನು ಕನಿಕರದಿಂದ ನೋಡಿದರು. "ನೀವ್ ಬ್ಯಾಡ ಅಂದ್ರ ನನಗ ಕೊಡ್ತಾರೇನ್ರಿ? ಹುಚ್ಚರದೀರಿ." ಅವರ ಮಾತೇ ನಿಜವಾಯಿತು. ವಿಜಯನಗರದಲ್ಲಿ ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟ್ ಪಡೆದಿದ್ದ ಹರೀಶನಿಗೆ ಹುದ್ದೆ ಸಿಕ್ಕಿತು. ಅವನು ಸಂಕೋಚದಿಂದಲೇ ಸೇರಿದ, ಅಲ್ಲೇ ಉಳಿದ, ಈಗ ಅವನೇ ಮುಖ್ಯ ಶಿಕ್ಷಕ. ನಾನು ಆ ಮಳೆಗಾಲದಲ್ಲಿ ಒಂದು ಪತ್ರಿಕೆಯ ಡೆಸ್ಕಿಗೆ ಸೇರಿದೆ. ಶಿವಲೀಲಾ ಬೇರೆ ಶಾಲೆಗಳಲ್ಲಿ ವಿಚಾರಿಸಿದರು. ಎಲ್ಲ ಕಡೆಯೂ ಅಂಕಪಟ್ಟಿಯ ಆ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದರಂತೆ. ಜೂನ್ ಮುಗಿಯುವಷ್ಟರಲ್ಲಿ ಅವರು ಮತ್ತೆ ಕಾಲರ್ ಹೊಲಿಯಲು ಹೋದರು.

ಗೋಡೌನಿನಲ್ಲಿ ಫ್ಯಾನು ಇನ್ನೂ ತಿರುಗುತ್ತಿತ್ತು. ಗವಸನ್ನು ಪೂರ್ತಿ ತೆಗೆದು ನೋಡಬೇಕೆನ್ನಿಸಿತು. ಬಟ್ಟೆ ಲಡ್ಡಾಗಿದ್ದರೂ ಹೊಲಿಗೆ ಒಂದೆಳೆ ಬಿಟ್ಟಿರಲಿಲ್ಲ. ಎಳೆದು ಎಳೆದು ಬಿಡಿಸಿದೆ. ಪೆಟ್ಟಿಗೆಯ ಬಲಬದಿಯಲ್ಲಿ, ಗವಸು ಮುಚ್ಚಿದ್ದ ಜಾಗದಲ್ಲಿ ಒಂದು ಕರಿಯ ಗುಂಡಿ ಇತ್ತು. ಅದರ ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಎಂಬ ಅಂಕಿ. ನಡುವೆ ಪುಟ್ಟ ಬಲ್ಬಿನ ಚಿತ್ರ. ಗುಂಡಿ ಒಂದರ ಕಡೆಗಿತ್ತು. ಎರಡಕ್ಕೆ ತಿರುಗಿಸಿದೆ. ಒಳಗೆ ಏನೋ ಸರಿದ ಸದ್ದಾಯಿತು, ಗೋಡೆಯ ಮೇಲೆ ಚೌಕಾಕಾರದ ಬೆಳಕು ಬಿದ್ದಿತು.

ಒಂದು ಸುಟ್ಟರೆ ಇರಲಿ ಎಂದು ತಯಾರಿಸಿದವರೇ ಎರಡನೆಯ ಬಲ್ಬನ್ನು ಒಳಗಿಟ್ಟು ಕಳಿಸಿದ್ದರು. ಅದನ್ನು ಯಾರೂ ಹಚ್ಚಿರಲಿಲ್ಲ.

ಶಿವಲೀಲಾರಿಗೆ ಫೋನ್ ಮಾಡಿದೆ. ಹಬ್ಬಕ್ಕೊಮ್ಮೆ ಮಾತಾಡುವ ರೂಢಿ ಇದೆ. ಭಾನುವಾರ, ಮನೆಯಲ್ಲಿದ್ದರು. ಎಲ್ಲಿದ್ದೇನೆ, ಏನು ಕಂಡೆ ಎಂದು ಹೇಳಿದೆ. ಆ ಕಡೆ ಕುಕ್ಕರ್ ಕೂಗಿತು. ಅವರು ಒಲೆ ಆರಿಸಿ ಬಂದರು.

"ಒಳಗ ಇನ್ನೊಂದ ಇತ್ತೇನ್ರಿ?"

"ಇತ್ತು. ಈಗ ಉರೀತಿದೆ."

"ನನ್ನ ಗವಸಣಿಗಿ ಕೆಳಗ?"

"ಹೌದು."

ಅವರು ನಕ್ಕರು. ದೊಡ್ಡ ನಗುವೇನಲ್ಲ. "ಒಂದ ಸಲ ಹಚ್ಚಿ, ಗಾಜಿನ ಮ್ಯಾಲ ಕೈ ಇಟ್ಟ ನೋಡಿದ್ರ ಸಾಕಾಗಿತ್ತು. ಯಾವ ಕಡೆ ಮ್ಯಾಲ, ಯಾವ ಕಡೆ ಕೆಳಗ ತಿಳೀತಿತ್ತು." ಅವರು ಈಗ ಅದೇ ಫ್ಯಾಕ್ಟರಿಯಲ್ಲಿ ಹೊಸ ಹುಡುಗಿಯರಿಗೆ ಮಿಷಿನ್ ಕಲಿಸುವ ವಿಭಾಗದಲ್ಲಿದ್ದಾರೆ. "ನಮ್ಮಲ್ಲೆ ಹೊಸಬರು ಬಂದ್ರ ಮೊದಲನೇ ದಿನಾನ ಮಿಷಿನ್ ಹಚ್ಚಿ ಕಾಲಿಗೆ ಕೊಡ್ತೀನ್ರಿ. ಮ್ಯಾನೇಜರ್ ಬೈತಾನ. ಬೈಲಿ. ಸೂಜಿ ಮುರದ್ರ ಮುರೀಲಿ ಅಂತೀನಿ."

ಫೋನು ಇಟ್ಟ ಮೇಲೆ ನೋಡಿದರೆ ನನ್ನ ಇನ್ನೊಂದು ಕೈ ಆಗಲೇ ಸ್ವಿಚ್ಚಿನ ಮೇಲೆ ಹೋಗಿ ಕೂತಿತ್ತು, ಆರಿಸಲು. ಆ ಕೈಯನ್ನು ಅಲ್ಲಿಂದ ತೆಗೆದು ಗಾಜಿನ ಮೇಲಿಟ್ಟೆ. ಗೋಡೆಯ ಮೇಲೆ ಐದು ಬೆರಳುಗಳು ನೆಟ್ಟಗೆ ಮೂಡಿದವು. ಗಾಜು ಕೈ ಸುಡುವವರೆಗೂ ಹಾಗೇ ನಿಂತಿದ್ದೆ.